ಹೆಡ್‌ಲೈಟಿಗೆ ಬಂದ ಕಾಯಿಲೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಮನೆಯವರ ರಿಪೇರಿಯ ವಿಧಾನ. ಕಾರಿನ ಹೆಡ್‌ಲೈಟು ಮಿಣುಕುತ್ತಿತ್ತು. ಮೊದಲು ಬಲ್ಬು ಬದಲಾಯಿಸಿದರು. ಆಮೇಲೆ ಫ್ಯೂಸು. ಆಮೇಲೆ ಚೆನ್ನಾಗಿಯೇ ಇದ್ದ ಬ್ಯಾಟರಿ. ಪ್ರತಿಸಲವೂ ಎಂಜಿನ್ ಚಾಲೂ ಮಾಡದೆ, ಹಾಡಹಗಲಲ್ಲಿ ಗೋಡೆಗೆ ಬೆಳಕು ಬಿಟ್ಟು ನೋಡಿ, "ಆಯ್ತು ಬಿಡು, ಇನ್ನು ಹತ್ತು ವರ್ಷ ತಲೆನೋವಿಲ್ಲ" ಎನ್ನುತ್ತಿದ್ದರು. ಕತ್ತಲಾದ ಮೇಲೆ ರಸ್ತೆಗೆ ಇಳಿದರೆ ಮೊದಲನೇ ಗುಂಡಿಯಲ್ಲೇ ಆ ಹತ್ತು ವರ್ಷ ಮುಗಿಯುತ್ತಿತ್ತು. "ನಿನ್ನ ಕಾರು ಎದುರಿಗೆ ಬಂದೋರಿಗೆಲ್ಲ ಕಣ್ಣು ಹೊಡೆಯತ್ತಂತೆ, ಸ್ವಲ್ಪ ಬುದ್ಧಿ ಹೇಳೋ" ಎಂದು ಅತ್ತೆ ತಮ್ಮ ಮಗನನ್ನು ಕಿಚಾಯಿಸಿದರು. ನನಗೆ ನಗು ಬರಲಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಏನು ಕಾಯಿಲೆ ಎಂದು ತಿಳಿಯದೆ ಔಷಧಿ ಕೊಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅದರಲ್ಲೂ ಈ ಕಾಯಿಲೆಗೆ ಬಲಿಯಾಗುವುದರಲ್ಲಿದ್ದದ್ದು ನನ್ನ ಕೆಲಸ. ಹೊಸದಾಗಿ ಸಂಜೆಯ ಪಾಳಿ ಸಿಕ್ಕಿತ್ತು. ಆ ಹೊತ್ತಿನಲ್ಲಿ ಲ್ಯಾಬಿನ ಪೂರ್ತಿ ಜವಾಬ್ದಾರಿ ನನ್ನದೇ. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದೆ. ಆದರೆ ಆಸ್ಪತ್ರೆಯ ದಾರಿಯಲ್ಲಿ ಅರ್ಧಕ್ಕೂ ಹೆಚ್ಚು ಕಡೆ ಬೀದಿದೀಪವಿಲ್ಲ, ಪಾಳಿ ಮುಗಿಯುವ ಹೊತ್ತಿಗೆ ಬಸ್ಸೂ ಇಲ್ಲ, ಕಾರು ನಾನೇ ಓಡಿಸಿಕೊಂಡು ಬರಬೇಕು. "ದೀಪ ಸರಿಹೋಗೋವರೆಗೂ ರಜೆ ಹಾಕು, ಅಮ್ಮ ಹೆದರ್ತಾರೆ" ಎಂದರು ಇವರು. ಹಾಕಿದೆ. ಮತ್ತೆ ಹಾಕಿದೆ. ಆವತ್ತು ಬೆಳಗ್ಗೆ ನಮ್ಮ ಡಾಕ್ಟರು ಫೋನ್ ಮಾಡಿ, "ಇವತ್ತು ಸಂಜೆ ಬರದಿದ್ರೆ ಪಾಳಿ ಬೇರೆಯವರಿಗೆ ಕೊಡ್ತೀನಮ್ಮ, ಬೇಜಾರು ಮಾಡ್ಕೋಬೇಡಿ" ಎಂದುಬಿಟ್ಟರು.

ಮಧ್ಯಾಹ್ನ ನಾನೇ ಬಾನೆಟ್ ಎತ್ತಿದೆ.

"ನಿನಗೇನು ಗೊತ್ತಾಗತ್ತೆ ಅದರಲ್ಲಿ?" ಇವರು ಕೈಯಲ್ಲೊಂದು ಹೊಸ ಸ್ವಿಚ್ಚು ಹಿಡಿದು ಬಂದರು.

"ನಿಮಗೆ ಗೊತ್ತಾಗಿದ್ದನ್ನ ನೋಡಿದ್ನಲ್ಲ. ಸುಮ್ಮನೆ ಒಳಗೆ ಕೂತು ಎಂಜಿನ್ ಚಾಲೂ ಮಾಡ್ರೀ, ದೀಪ ಹಾಕಿ."

ಎಂಜಿನ್ ನಡುಗಿದ ಹಾಗೆಲ್ಲ ಶೆಡ್ಡಿನ ಗೋಡೆಯ ಮೇಲೆ ಎರಡೂ ದೀಪ ಒಟ್ಟಿಗೆ ಮಿಣುಕಿದವು. ಒಟ್ಟಿಗೆ ಎಂದರೆ ಬಲ್ಬಿನ ತಪ್ಪಲ್ಲ, ಎರಡಕ್ಕೂ ಸೇರಿದ ಜಾಗದಲ್ಲೇ ಎಲ್ಲೋ ತೊಂದರೆ. ಒಂದೊಂದೇ ತಂತಿ ಅಲುಗಾಡಿಸುತ್ತಾ ಹೋದೆ. ಬ್ಯಾಟರಿಯ ಪಕ್ಕದಲ್ಲಿ, ಎರಡೂ ದೀಪಗಳಿಂದ ಬಂದು ಕಾರಿನ ಮೈಗೆ ಬೋಲ್ಟಿನಿಂದ ಬಿಗಿದಿದ್ದ ಕಪ್ಪು ಅರ್ಥಿಂಗ್ ತಂತಿ ಮುಟ್ಟಿದಾಗ ದೀಪ ಪೂರ್ತಿ ಆರಿ ಮತ್ತೆ ಹತ್ತಿತು. ಲ್ಯಾಬಿನ ಮೆಷಿನ್ನು ಹುಚ್ಚಾಟ ಆಡಿದಾಗಲೂ ರಿಪೇರಿಯವರು ಮೊದಲು ನೋಡುವುದು ಇದನ್ನೇ. ಬ್ಯಾಟರಿಯ ಮೈನಸ್ಸಿನಿಂದ ಆ ತಂತಿಯ ತುದಿಗೆ ಬೇರೊಂದು ತುಂಡು ತಂತಿ ಹಿಡಿದೆ. ಬೆಳಕು ಅಲುಗದೆ ನಿಂತಿತು. ತೆಗೆದೆ, ಮಿಣುಕಿತು.

ಎಂಜಿನ್ ಆರಿಸಿ ಬೋಲ್ಟು ಬಿಚ್ಚಿದೆ. ತಂತಿಯ ಕೆಳಗೆ ಫಳಫಳ ಹೊಳೆಯುವ ಬೂದು ಬಣ್ಣ.

ಇವರು ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್. ಆ ಕಸುಬಿನಲ್ಲಿ ಎರಡು ಥರದವರಿದ್ದಾರೆ. ಚಿಲಕ, ಸ್ವಿಚ್ಚುಗಳ ಸುತ್ತ ಬ್ರಷ್ ಓಡಿಸಿ ಕೈತೊಳೆದುಕೊಳ್ಳುವವರು ಒಂದು ಥರ. ಎಲ್ಲವನ್ನೂ ಬಿಚ್ಚಿ, ಅಡಿಗೂ ಬಳಿದು, ಮತ್ತೆ ಮೊದಲಿದ್ದ ಹಾಗೆ ಕೂರಿಸುವವರು ಇನ್ನೊಂದು. ಇವರು ಎರಡನೆಯವರು, ಅದೇ ಇವರ ಹೆಮ್ಮೆ. ಹಳೇ ಕಾರು ಮನೆಗೆ ಬಂದ ವಾರದಲ್ಲೇ ಬಾನೆಟ್ಟಿನ ಕೆಳಗಿನ ತುಕ್ಕು ಕೆರೆದು ಎರಡು ಕೋಟು ಹೊಡೆದಿದ್ದರು. ಮೈಗಳ್ಳ ಪೇಂಟರ್ ಆಗಿದ್ದರೆ ಬೋಲ್ಟಿನ ಸುತ್ತ ಬಳಿದು ಬಿಡುತ್ತಿದ್ದ, ದೀಪ ನೆಟ್ಟಗೆ ಉರಿಯುತ್ತಿತ್ತು. ನನ್ನ ಗಂಡನ ಅಚ್ಚುಕಟ್ಟು ನನ್ನ ಪಾಳಿಯನ್ನೇ ನುಂಗಲು ಹೊರಟಿತ್ತು.

"ಬಣ್ಣದಲ್ಲಿ ಕರೆಂಟ್ ಹರಿಯಲ್ಲ ರೀ, ಲೋಹಕ್ಕೆ ಲೋಹ ತಾಗಬೇಕು. ಕೆರೀರಿ ಇದನ್ನ."

ಅವರು ಸ್ಯಾಂಡ್ ಪೇಪರ್ ಹಿಡಿದು ನಿಂತೇ ಇದ್ದರು. "ಬರೀ ಕಬ್ಬಿಣ ಬಿಟ್ರೆ ತುಕ್ಕು ಹಿಡಿಯಲ್ವಾ?"

ಕಿತ್ತುಕೊಂಡು ನಾನೇ ಉಜ್ಜಿದೆ. ಸಿಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚೇ ಉಜ್ಜಿದೆ. ತಂತಿ ಕೂರಿಸಿ ಬಿಗಿದು, ಎಂಜಿನ್ ಚಾಲೂ ಮಾಡಿಸಿ, ತಂತಿ ಎಳೆದಾಡಿ, ಬಂಪರಿಗೆ ಗುದ್ದಿ ನೋಡಿದೆ. ಬೆಳಕು ಕದಲಲಿಲ್ಲ.

ಸಂಜೆ ಬ್ಯಾಗು ಹೆಗಲಿಗೇರಿಸಿ ಬಂದರೆ ಇವರು ಗೇಟಿಗೆ ಅಡ್ಡ ನಿಂತಿದ್ದರು.

"ಇನ್ನೊಂದು ವಾರ ನೋಡೋಣ ಕಣೆ. ಆ ಸ್ವಿಚ್ಚನ್ನೂ ಬದಲಾಯಿಸಿಬಿಡ್ತೀನಿ. ಅಮ್ಮ ಹೆದರ್ತಾರೆ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. "ದೀಪ ಸರಿಯಾಗಿದೆ, ನೀವೇ ನೋಡಿದ್ರಿ. ಇನ್ನೇನು ಕೆಟ್ಟಿದೆ ಹೇಳಿ, ಅದನ್ನೂ ಬಿಚ್ಚಿ ನೋಡೋಣ."

"ದೀಪ ಕೆಟ್ಟಿದ್ದಾಗ ನಿನ್ನ ತಡೆಯೋಕೆ ಒಂದು ಕಾರಣ ಇತ್ತು" ಎಂದರು ಇವರು. "ಈಗ ಏನಂತ ತಡೀಲಿ? ಆ ರಸ್ತೇಲಿ ನೀನೊಬ್ಬಳೇ ಬರ್ತೀಯ ಅಂತ ನೆನೆಸಿಕೊಂಡ್ರೇ ಕೈಕಾಲು ಆಡಲ್ಲ ನನಗೆ."

ನನಗೆ ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಈ ಮಾತನ್ನು ಮೊದಲ ದಿನವೇ ಆಡಿದ್ದರೆ ಆ ಬಲ್ಬು, ಆ ಬ್ಯಾಟರಿ, ಅಷ್ಟೊಂದು ರಜೆ ಹಾಳಾಗುತ್ತಿರಲಿಲ್ಲ. "ನನಗೂ ಭಯ ಇದೆ" ಎಂದೆ. "ಆದ್ರೂ ಹೋಗ್ತೀನಿ."

ಅವರು ಗೇಟು ಬಿಟ್ಟು ಕದಲಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ನಾನ್ಯಾವಾಗ ಹೆದರಿದೆನೋ?" ಎಂದರು ಮಗನಿಗೆ. "ಗೇಟ್ ತೆಗಿ. ಅವಳಿಗೆ ಹೊತ್ತಾಯ್ತು."

ಇವರು ನಮ್ಮಿಬ್ಬರ ಮುಖವನ್ನೂ ನೋಡದೆ ಗೇಟು ತೆಗೆದರು.