ಮೇಸ್ತ್ರಿ ಮಾಡಿದ ಸೋಡಾ ಬ್ರೆಡ್ಡು

ಡಾಕ್ಟರು ಸುತ್ತಿಬಳಸದೆ ಹೇಳಿದ್ದರು: "ಹೊಟ್ಟೆಗೆ ಏನಾದ್ರೂ ಹೋಗ್ಲೇಬೇಕು. ಇಲ್ದಿದ್ರೆ ಮುಂದಿನ ಔಷಧಿ ಅವರ ದೇಹ ತಡ್ಕೊಳಲ್ಲ." ಗಾರೆ ಮೇಸ್ತ್ರಿಯ ಹೆಂಡತಿ ಹಾಲಿಗೂ ಮುಖ ತಿರುಗಿಸುತ್ತಿದ್ದಳು. ಅಂಥವಳು ಇವತ್ತು ಬೆಳಿಗ್ಗೆ ತಾನಾಗಿಯೇ, "ನಾನು ಮಾಡ್ತಿದ್ದ ಸೋಡಾ ಬ್ರೆಡ್ಡಿದ್ರೆ ಒಂದು ಚೂರು ತಿಂತಿದ್ದೆ" ಎಂದಳು.

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಊರವರ ಮನೆಗಳನ್ನೆಲ್ಲ ಕಟ್ಟಿದ ಮಹಾನುಭಾವ ತನ್ನದೇ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ತಡಕಾಡಿದ.

"ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ," ಪಕ್ಕದ ಕೋಣೆಯಿಂದ ಅವಳ ದನಿ ಬಂತು. "ಹುಳಿ ಮಜ್ಜಿಗೆ ಹಾಕಿ ಕಲಸಿ. ಆಮೇಲೆ..." ಅಷ್ಟರಲ್ಲೇ ಸುಸ್ತಾಗಿ ನಿದ್ದೆಹೋದಳು. ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದಂತೆ. ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಸರಿಯಾಗಿ ಕಲಸದ ಗಾರೆ ನಾಳೆ ಬಿರುಕು ಬಿಡುತ್ತದೆ ಎಂದು ಅವನು ಹಿಟ್ಟನ್ನು ತೋಳು ನೋಯುವವರೆಗೆ ನಾದಿದ. ಹಸಿ ಗಾರೆ ಬೇಗ ಒಣಗಬಾರದಲ್ಲ, ಬಟ್ಟೆ ಒದ್ದೆ ಮಾಡಿ ಹಿಂಡಿ ಹೊದಿಸಿ, ಪಕ್ಕದಲ್ಲಿ ಕಾವಲು ಕೂತ. ಮಜ್ಜಿಗೆ ತಾಗಿದೊಡನೆ ಸೋಡಾ ಉಕ್ಕುತ್ತದೆ, ಆಗಲೇ ಓವನ್ನಿಗೆ ಇಡಬೇಕು, ಹೆಚ್ಚು ನಾದಲೇಬಾರದು ಎಂದು ಆ ಪುಣ್ಯಾತ್ಮನಿಗೆ ಹೇಳುವವರು ಯಾರು? ಹೇಳಬೇಕಾದವಳು ಮಲಗಿದ್ದಳು.

ಬೆಂದು ಹೊರಬಂದದ್ದು ಬ್ರೆಡ್ಡಲ್ಲ, ಇಟ್ಟಿಗೆ. ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಇದನ್ನು ಅವಳು ತಿನ್ನುವುದುಂಟೇ? ಕೂಡಲೇ ಇನ್ನೊಂದು ಆಸೆ ಹುಟ್ಟಿತು: ಬೈಯುತ್ತಾಳೆ! ಮೊಸರಲ್ಲಿ ಕಲ್ಲು ಹುಡುಕುವ ಹೆಂಗಸು ಅವಳು. ಇದೇ ಅಡುಗೆಮನೆಯ ಗೋಡೆ ಸೊಟ್ಟಗಿದೆಯೆಂದು ಜಗಳ ತೆಗೆದು, ಕೆಡವಿಸಿ, ಮತ್ತೆ ಕಟ್ಟಿಸಿಕೊಂಡಿದ್ದಳು. ಬೈಯಲಿಕ್ಕೆ ಶುರುಮಾಡಿದರೆ ಎದ್ದು ಕೂರುತ್ತಾಳೆ, ಎದ್ದು ಕೂತರೆ ಹಸಿವಾಗುತ್ತದೆ. ತನಗೆ ತಾನೇ ಹೀಗೆಲ್ಲ ಹೇಳಿಕೊಳ್ಳುತ್ತ, ಗರಗಸದ ಹಲ್ಲಿನ ಚಾಕುವಿನಿಂದ ಹೇಗೋ ಒಂದು ಚೂರು ಕೊಯ್ದು ತಟ್ಟೆಯಲ್ಲಿಟ್ಟುಕೊಂಡು ಹೋದ.

ಅವಳು ಬಾಯಿಗಿಟ್ಟುಕೊಂಡಳು. ಹಲ್ಲು ಇಳಿಯಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಮೆಲ್ಲಗೆ ಅಂಗೈಗೆ ತೆಗೆದು ತಟ್ಟೆಯ ಅಂಚಿಗಿಟ್ಟಳು.

"ಚೆನ್ನಾಗಿದೆ ಕಣ್ರೀ," ಎಂದಳು.

ಮೇಸ್ತ್ರಿ ಹೆದರಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಮಾಡಿದ ಒಂದೇ ಒಂದು ಕೆಲಸವನ್ನೂ ಅವಳು ಚೆನ್ನಾಗಿದೆ ಅಂದಿರಲಿಲ್ಲ.

"ಸುಳ್ಳು ಹೇಳ್ಬೇಡ ಕಣೇ. ಕಲ್ಲಾಗಿದೆ ಅದು. ಎಲ್ಲಿ ತಪ್ಪಿದೆ ಹೇಳು, ಇನ್ನೊಂದ್ಸಲ ಮಾಡ್ತೀನಿ."

"ಯಾಕೆ ಸುಮ್ನೆ? ಸಾಕು ಬಿಡಿ. ಚೆನ್ನಾಗೇ ಇದೆ."

"ಬೈಯೇ," ಎಂದ ಅವನು. "ಒಂದೇ ಒಂದ್ಸಲ ಬೈದ್ಬಿಡೇ."

ಅವಳು ಹಿಟ್ಟು ಮೆತ್ತಿದ ಅವನ ಕೈಯನ್ನು ಸವರಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.