ತೆಲಿಗಿ ಬಸ್ಸಿನ ನಾಲ್ಕು ಪಿನ್ನು

ತೆಲಿಗಿಯಲ್ಲಿ ಹರಪನಹಳ್ಳಿ ಬಸ್ಸು ಹತ್ತುವ ನೂಕಾಟದಲ್ಲಿ ಯಾರೋ ಸೀರೆಯ ಅಂಚು ತುಳಿದರು. ಗೀತಾಂಜಲಿಯ ನಿರಿಗೆಯೆಲ್ಲ ಸರ್ರನೆ ಜಾರಿತು. ಅವಳು ಎರಡೂ ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತಳು.

ಒಂಬತ್ತನೇ ತರಗತಿಯ ಹುಡುಗಿಗೆ ಸೀರೆ ಯಾಕೆ ಎಂದು ಅವಳೂ ಕೇಳಿದ್ದಳು. "ಭಾಷಣ ಮಾಡಾಕಿ ಸೀರಿ ಉಟ್ರ ನಾಕು ಮಂದಿ ಕಿವಿಗೊಟ್ಟು ಕೇಳ್ತಾರ" ಎಂದು ಅವ್ವ ಶಿವಬಸಮ್ಮ ತನ್ನ ನುಣುಪು ನೈಲಾನ್ ಸೀರೆ ಉಡಿಸಿ ಕಳಿಸಿದ್ದಳು. ತಾಲ್ಲೂಕು ಭಾಷಣ ಸ್ಪರ್ಧೆ. ವಿಷಯ, ಮನುಷ್ಯನ ಅತಿ ದೊಡ್ಡ ಆವಿಷ್ಕಾರ. ಹೋದ ವರ್ಷ ಅದೇ ವೇದಿಕೆಯಲ್ಲಿ ನಾಲಿಗೆ ಕಟ್ಟಿಹೋಗಿ ಸಭೆ ಗೊಳ್ಳೆಂದಿತ್ತು. ಈ ಸಲವೂ ನಕ್ಕರೆ ಇನ್ನೆಂದೂ ವೇದಿಕೆ ಹತ್ತುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಪಂಚಾಕ್ಷರಪ್ಪ ಮೇಷ್ಟ್ರು ಬರೆದುಕೊಟ್ಟ ಕಂಪ್ಯೂಟರಿನ ಭಾಷಣ ಬಾಯಿಪಾಠವಾಗಿತ್ತು. ಆದರೆ ನಿರಿಗೆ?

ಪಕ್ಕದ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ತರಕಾರಿ ಮಾರುವ ಅಂಜಿನಕ್ಕ ತಲೆಯೆತ್ತಿದಳು. "ಯಾಕವಾ, ಹೊಟ್ಟಿ ನೋವೇನು?"

"ಅಲ್ಲಬೇ... ಸೀರಿ."

"ಅಯ್ಯ, ಇಷ್ಟೇನಾ!" ಅಂಜಿನಕ್ಕ ಬಳೆಗೆ ಸಿಗಿಸಿದ್ದ ಪಿನ್ನು ಬಿಚ್ಚಿದಳು. ಗೀತಾಂಜಲಿ ಕೈ ಚಾಚಿದರೆ ಅಂಜಿನಕ್ಕ ಸಟ್ಟನೆ ಅದನ್ನು ಹಿಂದಕ್ಕೆಳೆದುಕೊಂಡಳು. "ಕೈಯಾಗ ಕೊಡಬಾರ್ದು, ಜಗಳ ಆಗತೈತಿ. ಇಡ್ತೀನಿ, ತಗೊ."

"ನಮ್ಮಿಬ್ಬರಿಗೆ ಗುರುತೇ ಇಲ್ಲ, ಜಗಳ ಎಲ್ಲಿಂದ ಬರತೈತಬೇ?"

"ಗುರುತಾಗ್ಲಿ ತಡಿ, ತಾನ ಬರತೈತಿ!"

ಅಂಜಿನಕ್ಕ ತನ್ನ ಬುತ್ತಿ ಡಬ್ಬಿಯ ಮುಚ್ಚಳದ ಮೇಲೆ ಪಿನ್ನು ಇಟ್ಟಳು. ಬಸ್ಸು ತಗ್ಗಿಗೆ ಬಿತ್ತು; ಪಿನ್ನು ಹಾರಿತು. ಹಿಂದಿನ ಸೀಟಿನ ಮುದುಕಿ ತನ್ನದನ್ನು ಇಟ್ಟಳು. ಅದೂ ಹಾರಿತು. ಕಂಡಕ್ಟರ್ ಯರ್ರೆಪ್ಪ ಟಿಕೆಟ್ ಹರಿಯುವುದು ಬಿಟ್ಟು ಬಗ್ಗಿದ.

"ಏನ್ ಬಂಗಾರ ಕಳಕೊಂಡ್ರಿ?"

"ಬಂಗಾರಾದ್ರ ಸಂಜಿಮಟ ಹುಡುಕಬಹುದಪ್ಪ. ಇದು ಪಿನ್ನು, ಈಗ್ಲೇ ಬೇಕು!" ಎಂದಳು ಅಂಜಿನಕ್ಕ.

ಯರ್ರೆಪ್ಪ ಸೀಟಿ ಊದಿ ಬಸ್ಸು ನಿಲ್ಲಿಸಿದ. ಹಾರಿದ ಎರಡೂ ಸಿಕ್ಕವು. ಇನ್ನಿಬ್ಬರು ಹೆಂಗಸರು ತಮ್ಮವನ್ನೂ ಇಟ್ಟರು. ನಾಲ್ಕು ಪಿನ್ನು ಮುಚ್ಚಳದ ಮೇಲೆ ಅಲುಗಾಡದೆ ಕೂತವು. ಹೆಂಗಸರೆಲ್ಲ ಸುತ್ತ ನಿಂತು ಗೋಡೆಯಾದರು. ಗಂಡಸರು ಯಾರೂ ಹೇಳದೆಯೇ ಕಿಟಕಿಯಾಚೆ ಮೆಕ್ಕೆಜೋಳದ ಹೊಲ ನೋಡತೊಡಗಿದರು. ಆ ಮರೆಯಲ್ಲಿ ಗೀತಾಂಜಲಿ ಸ್ಪರ್ಧೆಯ ಸುದ್ದಿ ಹೇಳುತ್ತಲೇ ನಾಲ್ಕೂ ಪಿನ್ನು ಹಾಕಿ ನಿರಿಗೆ ಬಿಗಿದುಕೊಂಡಳು.

ಹರಪನಹಳ್ಳಿಯ ವೇದಿಕೆಯಲ್ಲಿ ಭಾಷಣ ಒಂದು ತಪ್ಪೂ ಇಲ್ಲದೆ ಮುಗಿಯಿತು. ಕೆಳಗಿಳಿಯಬೇಕು, ಅಷ್ಟರಲ್ಲಿ ತೀರ್ಪು ಕೊಡಲು ಬಂದಿದ್ದ ಮೇಡಂ ಕನ್ನಡಕದ ಮೇಲಿಂದ ನೋಡಿ, "ಚೆನ್ನಾಗಿ ಹೇಳಿದೆ. ನೀನು ಕಂಪ್ಯೂಟರ್ ನೋಡಿದ್ದೀಯೇನಮ್ಮ?" ಎಂದರು.

ಮೇಷ್ಟ್ರು ಬರೆದುಕೊಟ್ಟದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಯಾರೋ ಕಿಸಕ್ಕೆಂದರು. ಗೀತಾಂಜಲಿಯ ಕೈ ನಿರಿಗೆಗೆ ಹೋಯಿತು. ಬಿಗಿಯಾಗಿಯೇ ಇತ್ತು.

"ಇಲ್ರಿ ಮೇಡಂ. ಪಿನ್ನು ನೋಡೀನ್ರಿ. ಮುಂಜಾನಿ ಬಸ್ಸಿನಾಗ ಸೀರಿ ಬಿಚ್ಚಿತ್ರಿ. ಗುರುತಿಲ್ಲದ ನಾಕು ಮಂದಿ ನಾಕು ಪಿನ್ನು ಕೊಟ್ರು. ಅವು ಇರಲಿಲ್ಲಂದ್ರ ನಾನಿಲ್ಲಿ ನಿಲ್ತಿರಲಿಲ್ರಿ. ಚುಚ್ಚೋ ಮೊನಿಗೆ ಟೊಪಿಗಿ ಹಾಕ್ಯಾನ ನೋಡ್ರಿ, ಯಾರಿಗೂ ಚುಚ್ಚಬಾರ್ದು ಅಂತ. ಅದನ್ನ ಮಾಡಿದಾವನ ದೊಡ್ಡಾವ್ರಿ. ಕಂಪ್ಯೂಟರ್ ಹತ್ರ ಹೋಗಾಕೂ ಮೊದಲು ಸೀರಿ ನಿಲ್ಲಬೇಕಲ್ರಿ."

ಸಭೆ ನಕ್ಕಿತು. ಹೋದ ವರ್ಷದ ನಗು ಅಲ್ಲ ಅದು. ಈ ಸಲ ಅವಳೂ ನಕ್ಕಳು. ಮೇಡಂ ತಮ್ಮ ತಾಳಿಸರಕ್ಕೆ ಸಿಗಿಸಿದ್ದ ಪಿನ್ನನ್ನು ಮುಟ್ಟಿ ನೋಡಿಕೊಂಡರು.

ಸಂಜೆಯ ಬಸ್ಸಿನಲ್ಲಿ ಅಂಜಿನಕ್ಕ ಖಾಲಿ ಬುಟ್ಟಿಯೊಂದಿಗೆ ಸಿಕ್ಕಳು. "ಫಸ್ಟ್ ಬಂದ್ಯಾ?"

"ಸೆಕೆಂಡು. ನಾ ಪಿನ್ನು ದೊಡ್ಡದಂದೆ. ವಿಮಾನದ ಬಗ್ಗೆ ಹೇಳಿದಾಕಿ ಫಸ್ಟು."

"ವಿಮಾನದಾಗ ಸೀರಿ ಬಿಚ್ಚಿದ್ರ ಆಕಿಗೂ ತಿಳಿತಿತ್ತು, ಬಿಡು! ಮುಂದಿನ ವರ್ಷ ಮತ್ತ ಹೋಗ್ತೀಯೇನು?"

"ಹೋಗ್ತೀನಿ," ಎಂದಳು ಗೀತಾಂಜಲಿ, ಯೋಚಿಸದೆ. ಸೀರೆ ನಿಲ್ಲಲು ಈಗ ಮೂರು ಪಿನ್ನೇ ಸಾಕಿತ್ತು. ನಾಲ್ಕನೆಯದನ್ನು ಬಿಚ್ಚಿ ಅಂಜಿನಕ್ಕನ ಡಬ್ಬಿಯ ಮುಚ್ಚಳದ ಮೇಲಿಟ್ಟಳು.

"ನೀನ ಇಟ್ಕೊ. ನಾಳಿ ಯಾವಾಕಿಗೋ ಬೇಕಾಗತೈತಿ," ಅಂಜಿನಕ್ಕ ಮುಚ್ಚಳವನ್ನು ಅವಳತ್ತ ಸರಿಸಿದಳು. "ಕೈಯಾಗ ಮಾತ್ರ ಕೊಡಬ್ಯಾಡ!"

ತಗ್ಗು ಬರುವ ಮೊದಲೇ ಗೀತಾಂಜಲಿ ಅದನ್ನೆತ್ತಿ ತನ್ನ ಬಳೆಗೆ ಸಿಗಿಸಿಕೊಂಡಳು.