ಹೊಸ್ತಿಲ ಮೇಲೆ ಕೂತ ದೋಣಿ

"ಚುಕ್ಕಾಣಿ ತಿರುಗೋ ಜಾಗದಲ್ಲಿ ಮಾತ್ರ ನಿಲ್ಬಾರ್ದು ಸ್ವಾಮಿ. ಒಂದ್ಸಲ ಬೀಸಿ ಹೊಡೀತು ಅಂದ್ರೆ ಸೀದಾ ನೀರಿಗೆ," ಎಂದು ಡೆಸ್ಮಂಡ್ ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು, ದಡದ ಮೇಲೆ ನಾಯಿ ಹಿಡಿದು ನಿಂತವನಿಗೆ ಪಾಠ ಹೇಳುತ್ತಿದ್ದ.

ಹೆಂಡತಿ ಗ್ಲೆನಿಸ್ ಇದನ್ನು ಹನ್ನೊಂದು ಬೇಸಿಗೆಯಿಂದ ಕೇಳುತ್ತಿದ್ದಳು. ಆ ಕಾಲುವೆಯಲ್ಲಿ ಗಂಡಸರು ಚುಕ್ಕಾಣಿ ಹಿಡಿಯುವುದು, ಹೆಂಗಸರು ದಡಕ್ಕಿಳಿದು, ದೋಣಿಯನ್ನು ಕೆಳಮಟ್ಟದ ನೀರಿಗೆ ಇಳಿಸುವ ಲಾಕಿನ ಬಾಗಿಲು ನೂಕುವುದು ಯಾರೂ ಬರೆದಿಡದ ಕಾನೂನು. ಇವತ್ತು ನಾನು ನಡೆಸಲೇ ಎಂದು ಬೆಳಿಗ್ಗೆ ಕೇಳಿದ್ದಕ್ಕೆ, ನಿನಗೆ ಗಮನ ಸಾಲದು, ಅಪಾಯ ಅಂದಿದ್ದ. ಅವಳಿಗೆ ಅರವತ್ತೊಂದು. ಆ ಮರದ ಬಾಗಿಲಿಗೂ ಅಷ್ಟೇ ವಯಸ್ಸಿರಬೇಕು ಅನ್ನಿಸುತ್ತಿತ್ತು, ಸೊಂಟ ಕೊಟ್ಟು ನೂಕುವಾಗ.

ಅವಳು ಕೆಳಬಾಗಿಲ ತೂಬು ಎತ್ತಿದಳು. ಕಲ್ಲಿನ ತೊಟ್ಟಿಯಂಥ ಲಾಕಿನಲ್ಲಿ ನೀರು ಇಳಿಯಿತು, ಜೊತೆಗೆ ದೋಣಿಯೂ. ಮೇಲುಬಾಗಿಲ ಬುಡದಲ್ಲಿ ನೀರೊಳಗೆ ಕಲ್ಲಿನ ಹೊಸ್ತಿಲು ಚಾಚಿಕೊಂಡಿರುತ್ತದೆ. ದೋಣಿಯ ಹಿಂಭಾಗ ಗೋಡೆಯ ಬಿಳಿ ಗೆರೆಗಿಂತ ಮುಂದಿರಬೇಕು, ಇಲ್ಲದಿದ್ದರೆ ನೀರು ಇಳಿದಾಗ ಆ ಕಲ್ಲಿನ ಮೇಲೆ ಕೂತುಬಿಡುತ್ತದೆ. ಆದರೆ ನಾಯಿಯವನು ಎರಡು ಹೆಜ್ಜೆ ಹಿಂದೆ ಸರಿದದ್ದರಿಂದ ಡೆಸ್ಮಂಡನೂ ಮಾತು ತುಂಡಾಗದಿರಲೆಂದು ದೋಣಿಯನ್ನು ಹಿಂದಕ್ಕೆ ತಂದಿದ್ದ.

ದೋಣಿಯ ಮೂತಿ ಇಳಿಯುತ್ತಲೇ ಇತ್ತು, ಹಿಂಭಾಗ ಹೊಸ್ತಿಲ ಮೇಲೆ ನಿಂತುಬಿಟ್ಟಿತ್ತು. ದೋಣಿಯ ಚಾವಣಿಯ ಮೇಲಿದ್ದ ಟೀ ಕೆಟಲ್ ಜಾರಿ ನೀರಿಗೆ ಬಿತ್ತು. ಡೆಸ್ಮಂಡ್ ಇಳಿಜಾರಾದ ನೆಲದ ಮೇಲೆ ಬಾಗಿಕೊಂಡೇ, ಗಮನ ಎಂದರೇನು ಎಂದು ವಿವರಿಸುತ್ತಿದ್ದ.

ಒಂದು ಉಸಿರಿನಷ್ಟು ಹೊತ್ತು ಗ್ಲೆನಿಸ್ ಸುಮ್ಮನೆ ನೋಡಿದಳು. ಹಿತವೆನಿಸಿತು. ಆ ಹಿತಕ್ಕೇ ಅವಳಿಗೆ ಹೆದರಿಕೆಯಾಯಿತು. ಕೆಳಗಿನ ತೂಬು ಮುಚ್ಚಿ, ದೋಣಿಯುದ್ದಕ್ಕೂ ದಡದ ಮೇಲೆ ಓಡಿ, ಮೇಲುಬಾಗಿಲ ತೂಬನ್ನು ಸ್ವಲ್ಪಸ್ವಲ್ಪವೇ ಎತ್ತಿದಳು. ನೀರು ಏರಿ ಹಿಂಭಾಗ ಕಲ್ಲನ್ನು ಕೆರೆದು ತೇಲಿತು. ನಾಯಿಯವನು ನಾಯಿಯನ್ನು ಎತ್ತಿಕೊಂಡು ಹೊರಟೇಹೋದ.

"ಗೆರೆ ಇತ್ತು, ಡೆಸ್."

"ನೋಡಿದ್ದೆ."

"ಯಾವಾಗ?"

ಅವಳು ದೋಣಿಯನ್ನು ಗೆರೆಗಿಂತ ಮುಂದೆ ತರಿಸಿದಳು, ಆಮೇಲೆ ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಅವನತ್ತ ಚಾಚಿದಳು. ಅವನು ಅದನ್ನೂ ಅವಳನ್ನೂ ನೋಡಿ, ಕಡೆಗೆ ದಡಕ್ಕೆ ಇಳಿದ.

ಗ್ಲೆನಿಸ್ ದೋಣಿ ಹತ್ತಿ, ಚುಕ್ಕಾಣಿ ತಿರುಗುವ ಜಾಗ ಬಿಟ್ಟು ನಿಂತಳು. ನೀರು ಮತ್ತೆ ಇಳಿಯಿತು, ದೋಣಿಯ ಎರಡು ತುದಿಗಳೂ ಸಮನಾಗಿ. ಕೆಳಬಾಗಿಲಲ್ಲಿ ಡೆಸ್ಮಂಡ್ ಕೈಯಿಂದ ನೂಕುತ್ತ ಏದುತ್ತಿದ್ದ.

"ಕೈಯಲ್ಲ, ಬೆನ್ನು ಕೊಡು," ಅಂದಳು.

ಬಾಗಿಲು ನರಳಿತು. ಎರಡು ಕದಗಳ ನಡುವೆ ಗೇಣಗಲದ ಬಿಸಿಲು ಕಂಡು, ನೀರಿನ ಮೇಲೆ ಅಗಲವಾಗತೊಡಗಿತು.